ದಿಂಡಿನ ಇನ್ನೊಂದು ತುದಿ

ನನ್ನ ಮೊಮ್ಮಗಳು ಕಳ್ಳತನದ ಕೇಸಿನಲ್ಲಿ ಸಿಕ್ಕಿಬಿದ್ದಿದ್ದಳು ಎಂದು ಹೇಳುವಾಗ ನನಗೆ ನಗು ತಡೆಯುವುದಿಲ್ಲ. ಮಗನಿಗೆ ಈಗಲೂ ಸಿಟ್ಟು ಬರುತ್ತದೆ. "ನಗೂ ಮಾತೇನಬೇ ಅದು?" ಅನ್ನುತ್ತಾನೆ. ನಗುವ ಮಾತೇ. ಆದರೆ ನಗು ಬಂದದ್ದು ಆಮೇಲೆ. ಮೊದಲ ಹದಿನೈದು ದಿನ ನನಗೆ ರೊಟ್ಟಿ ಗಂಟಲಲ್ಲಿ ಇಳಿದಿರಲಿಲ್ಲ.

ನಾನು ಸೊರಟೂರಿನ ಒಕ್ಕಲುತನದ ಮನೆಯ ಮಗಳು. ಮೂರನೆಯ ಇಯತ್ತೆಯ ತನಕ ಶಾಲೆಗೆ ಹೋದೆ, ಅಲ್ಲಿಗೆ ಬಿಡಿಸಿದರು. ಬೆಟಗೇರಿಗೆ ಸೊಸೆಯಾಗಿ ಬಂದು ನಲವತ್ತೈದು ವರ್ಷವಾಯಿತು. ನಮ್ಮದು ನೇಕಾರರ ಓಣಿ, ಆದರೆ ನಮ್ಮ ಮನೆಯಲ್ಲಿ ಮಗ್ಗವಿಲ್ಲ. ನಮ್ಮ ಮನೆಯವರು ಮಾರ್ಕೆಟ್ ಯಾರ್ಡಿನಲ್ಲಿ ಶೇಂಗಾ ತೂಗುವವರಾಗಿದ್ದರು. ನಾನು ಬಂದ ಹೊಸದರಲ್ಲಿ ಓಣಿಯ ತುಂಬ ಮಗ್ಗದ ಸದ್ದು. ಒಂದು ಮನೆಯಲ್ಲಿ ನಿಂತರೆ ಪಕ್ಕದ ಮನೆಯಲ್ಲಿ ಶುರುವಾಗುತ್ತಿತ್ತು. ಈಗ ಉಳಿದದ್ದು ಎದುರು ಮನೆಯದೊಂದೇ. ಆ ನೇಕಾರರನ್ನು ನಾನು ಅಣ್ಣಾರ ಎಂದು ಕರೆಯುತ್ತೇನೆ, ಅವರ ಹೆಂಡತಿಯನ್ನು ವೈನಿ ಎಂದು.

ಹೋಳಿ ಹುಣ್ಣಿಮೆಗೆ ನಮ್ಮ ಕಡೆ ಮಕ್ಕಳು ಕಟ್ಟಿಗೆ, ಕುಳ್ಳು ಕದಿಯುವುದು ಎಲ್ಲರಿಗೂ ಗೊತ್ತು. ಕಾಮಣ್ಣನನ್ನು ಸುಡಲು ಕೊಂಡು ತಂದ ಕಟ್ಟಿಗೆ ನಡೆಯುವುದಿಲ್ಲ, ಕದ್ದದ್ದೇ ಆಗಬೇಕು. ಅದಕ್ಕೂ ಒಂದು ಕಟ್ಟಳೆ ಇದೆ. ಹೊಸ್ತಿಲ ಒಳಗಿದ್ದದ್ದು ಮನೆಯವರದು, ಹೊಸ್ತಿಲ ಹೊರಗೆ ಬಿದ್ದದ್ದು ಕಾಮಣ್ಣನದು. ಕದ್ದವರನ್ನು ಮನೆಯವರು ಬಾಯಿಗೆ ಬಂದಂತೆ ಬಯ್ಯಬಹುದು, ಕಡ್ಡಿಪೊರಕೆ ಹಿಡಿದು ಬೆನ್ನಟ್ಟಬಹುದು. ಆದರೆ ಮರುದಿನ ಬಣ್ಣ ಆಡುವಾಗ ಎಲ್ಲವೂ ಮುಗಿದಂತೆ. ಸೊರಟೂರಿನಲ್ಲಿ ನನ್ನ ಅಣ್ಣಂದಿರು ಹೀಗೇ ಕದಿಯುತ್ತಿದ್ದರು. ನನ್ನನ್ನು ಮಾತ್ರ ಮೂಲೆಯಲ್ಲಿ ನಿಲ್ಲಿಸಿ, "ನೀ ಹೆಣ್ಣಹುಡುಗಿ, ಯಾರರ ಬಂದ್ರ ಕೆಮ್ಮು" ಅನ್ನುತ್ತಿದ್ದರು. ಕೆಮ್ಮಿ ಕೆಮ್ಮಿ ನನ್ನ ಬಾಲ್ಯ ಮುಗಿಯಿತು. ಒಂದು ಕುಳ್ಳನ್ನೂ ಮುಟ್ಟಲು ಕೊಡಲಿಲ್ಲ.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದವಳು ನಾನೇ. ಎಂಟನೆಯ ತರಗತಿ, ಹದಿಮೂರು ವರ್ಷ, ಎರಡು ಜಡೆ, ನಿಂತಲ್ಲಿ ನಿಲ್ಲದ ಕಾಲು. ಈ ಸಲ ಓಣಿಯ ಹುಡುಗರ ದಂಡಿಗೆ ಅವಳೇ ಮುಂದಾಳು. ಆ ಸುದ್ದಿ ಕೇಳಿದಾಗ ನನಗಾದ ಖುಷಿಯನ್ನು ಯಾರ ಮುಂದೆ ಹೇಳಲಿ!

ಅವತ್ತು ಮಧ್ಯಾಹ್ನ ಮೂರರ ಹೊತ್ತು. ಬಿಸಿಲಿಗೆ ಓಣಿಯೆಲ್ಲ ಮಲಗಿತ್ತು. ಎದುರು ಮನೆಯ ಕಟ್ಟೆಯ ಮೇಲೆ ಆಳುದ್ದದ ಒಂದು ಮರ, ನಾಲ್ಕು ಮೂಲೆಯದು, ಎಣ್ಣೆ ಕುಡಿದು ಕರ್ರಗಾದದ್ದು, ಬಿದ್ದಿತ್ತು. ಹಳೆಯ ಬಾಗಿಲ ಚೌಕಟ್ಟಿನ ತುಂಡು ಎಂದುಕೊಂಡೆ. ಮೊಮ್ಮಗಳು ಅದರ ಒಂದು ತುದಿ ಹಿಡಿದು ಎಳೆಯುತ್ತಿದ್ದಳು, ಬರುತ್ತಿರಲಿಲ್ಲ. ಹುಡುಗರು ಆ ಕಡೆಯ ಓಣಿಗೆ ಕುಳ್ಳು ತರಲು ಹೋಗಿದ್ದರು. ಅವಳು ನನ್ನನ್ನು ನೋಡಿದಳು. ನಾನು ಓಣಿಯ ಆ ತುದಿ, ಈ ತುದಿ ನೋಡಿದೆ. ಒಬ್ಬರೂ ಇರಲಿಲ್ಲ.

"ಆಯಿ, ಒಂದಿಷ್ಟ ಹಿಂದ ಹಿಡೀ" ಅಂದಳು.

ನನಗೆ ಅರವತ್ತಾರು ವರ್ಷ. ಮೊಣಕಾಲು ನೋವು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹಿಂದಿನ ತುದಿ ಎತ್ತಿದೆ. ಇಬ್ಬರೂ ನಗು ನುಂಗುತ್ತ ಮೂಲೆಯ ತನಕ ಹೊತ್ತೆವು. ಮೂಲೆ ತಿರುಗುವಷ್ಟರಲ್ಲಿ ಹುಡುಗರು ಬಂದು ತೆಗೆದುಕೊಂಡರು. ನಾನು ಮನೆಗೆ ಬಂದು, ಏನೂ ಗೊತ್ತಿಲ್ಲದವಳ ಹಾಗೆ, ಬೆಳ್ಳುಳ್ಳಿ ಸುಲಿಯುತ್ತ ಕುಳಿತೆ.

ಕಾಮಣ್ಣ ಬೂದಿಯಾದ ಮೇಲೆ ಗೊತ್ತಾಯಿತು, ಅದು ಬಾಗಿಲ ಚೌಕಟ್ಟಲ್ಲ. ಅಣ್ಣಾರ ಮಗ್ಗದ ದಿಂಡು. ನೇಕಾರ ಕುಳಿತಲ್ಲಿ ಹೊಟ್ಟೆಯ ಮುಂದೆ ಅಡ್ಡ ಇರುತ್ತದಲ್ಲ, ನೇಯ್ದ ಸೀರೆ ಸುತ್ತಿಕೊಳ್ಳುತ್ತ ಹೋಗುವ ಮರ, ಅದು. ಅವರ ಅಜ್ಜನ ಕಾಲದ್ದು. ಒಂದು ಸೀರೆ ಕತ್ತರಿಸಿ ತೆಗೆದು, ಹೊಸ ಹಾಸುನೂಲು ಏರಿಸುವ ಮೊದಲು, ದಿಂಡಿಗೆ ಎಣ್ಣೆ ಹಚ್ಚಿ ಬಿಸಿಲಿಗಿಟ್ಟಿದ್ದರು. ನಮ್ಮ ಓಣಿಯ ಈಗಿನ ಮಕ್ಕಳು ಮಗ್ಗದ ಸದ್ದು ಕೇಳಿದ್ದಾರೆ, ಮಗ್ಗ ಬಿಚ್ಚಿಟ್ಟದ್ದನ್ನು ಕಂಡವರಲ್ಲ. ನಾನೂ ಅಷ್ಟೇ. ನಲವತ್ತೈದು ವರ್ಷ ಎದುರಿಗಿದ್ದು ಒಂದು ದಿಂಡು ಗುರುತಿಸಲಾಗಲಿಲ್ಲ.

ಅಣ್ಣಾರು ಚಹಾ ಸಹ ಕುಡಿಯದೆ ಸ್ಟೇಷನ್ನಿಗೆ ಹೋದರು. ಪಕ್ಕದ ಓಣಿಯ ನಲ್ಲಿಯ ಹತ್ತಿರ ನಿಂತಿದ್ದ ವೈನಿ, ಮೂಲೆಯಲ್ಲಿ ಮೊಮ್ಮಗಳು ಯಾವುದೋ ಕಟ್ಟಿಗೆಯ ಮುಂದಿನ ತುದಿ ಹಿಡಿದು ತಿರುಗಿದ್ದನ್ನು ದೂರದಿಂದ ನೋಡಿದ್ದರಂತೆ. ಹಿಂದಿನ ತುದಿ ಗೋಡೆಗೆ ಮರೆಯಾಗಿತ್ತು.

ಸ್ಟೇಷನ್ನಿನಲ್ಲಿ ಮಕ್ಕಳ ವಿಷಯ ನೋಡುವ ಒಬ್ಬ ಪೊಲೀಸ್ ಮೇಡಂ ಇದ್ದಾರೆ. ಅವರು ಮನೆಗೆ ಬಂದಾಗ ಖಾಕಿ ಹಾಕಿರಲಿಲ್ಲ, ಸಾದಾ ಚೂಡಿದಾರದಲ್ಲಿದ್ದರು. ಮಗ ಓಡಿಹೋಗಿ ಕುರ್ಚಿ ತಂದು ಹಾಕಿದ. ಅವರು ಮೊಮ್ಮಗಳ ಪಕ್ಕದಲ್ಲೇ ಚಾಪೆಯ ಮೇಲೆ ಕುಳಿತು ಹೇಳಿದರು. ಸಣ್ಣ ತಪ್ಪಿಗೆ ಮಕ್ಕಳನ್ನು ಬಾಲ ನ್ಯಾಯ ಮಂಡಳಿಯ ಮುಂದೆ ನಿಲ್ಲಿಸುವ ಮೊದಲು, ಓಣಿಯವರೇ ಸೇರಿದ ಹಿರಿಯರ ಕೂಟ ಒಂದಿದೆ, ಅಲ್ಲಿ ಕೂತು ಮಾತಾಡಬಹುದು. ಮಾಡಿದವರು ಒಪ್ಪಿಕೊಳ್ಳಬೇಕು, ಕೆಡಿಸಿದ್ದನ್ನು ಸರಿಮಾಡಬೇಕು. ಕಳೆದುಕೊಂಡವರು "ಆತು" ಅಂದರೆ ಕಾಗದ ಅಲ್ಲಿಗೆ ಮುಚ್ಚುತ್ತದೆ. "ಆತು" ಅನ್ನದಿದ್ದರೆ ಮಂಡಳಿಗೆ ಹೋಗುತ್ತದೆ.

ಅಂದರೆ ನನ್ನ ಮೊಮ್ಮಗಳು ಮಂಡಳಿಯ ಮೆಟ್ಟಿಲು ಹತ್ತುವುದು ಬಿಡುವುದು ಎದುರು ಮನೆಯವರ ಒಂದು ಮಾತಿನ ಮೇಲೆ ನಿಂತಿತು.

ಕೂಟದಲ್ಲಿ ಮೂವರು. ರಿಟೈರಾದ ಬಸ್ ಕಂಡಕ್ಟರ್ ಒಬ್ಬರು, ರವಿಕೆ ಹೊಲಿಯುವ ಅಕ್ಕ ಒಬ್ಬರು, ಹಿಟ್ಟಿನ ಗಿರಣಿಯವರು ಒಬ್ಬರು. ಯಾರಿಗೂ ಪಗಾರಿಲ್ಲ. ಸಮುದಾಯ ಭವನದಲ್ಲಿ ಜಮಖಾನೆ ಹಾಸಿ, ಎಲ್ಲರನ್ನೂ ಸುತ್ತಲೂ ಕೂಡಿಸಿದರು. ಮೇಲೆ ಕೂತವರು, ಕೆಳಗೆ ನಿಂತವರು ಎಂಬುದಿಲ್ಲ. ಅಲ್ಲಿಯ ಮುಖ್ಯ ಕಟ್ಟಳೆ ಏನೆಂದರೆ, ಮಕ್ಕಳ ಮಾತನ್ನು ಮಕ್ಕಳೇ ಆಡಬೇಕು, ದೊಡ್ಡವರು ನಡುವೆ ಬಾಯಿ ಹಾಕಬಾರದು. ಹಾಕಿದರೆ ಕಂಡಕ್ಟರ್ ಅಣ್ಣ ಜೇಬಿನಿಂದ ತಮ್ಮ ಹಳೆಯ ಸೀಟಿ ತೆಗೆದು ಊದುತ್ತಾರೆ.

ನನಗೆ ಮೊದಲ ಹತ್ತು ನಿಮಿಷದಲ್ಲಿ ನಾಲ್ಕು ಸೀಟಿ ಬಿದ್ದವು.

"ಅಲ್ರೀ, ನಮ್ಮ ಹುಡುಗಿ ಹಂಗಾಕಿ ಅಲ್ಲ..." ಅಂದೆ. ಸೀಟಿ.

"ಹೊಸ್ತಿಲ ಹೊರಗ ಇಟ್ಟಿದ್ದು ಅವರ..." ಸೀಟಿ.

"ಅಮ್ಮಾರ, ಇನ್ನೊಮ್ಮೆ ಬಾಯಿ ತೆಗೆದ್ರ ಮುಂದಿನ ಸ್ಟಾಪಿಗೆ ಇಳಿಸ್ತೀನಿ ನೋಡ್ರಿ" ಅಂದರು ಕಂಡಕ್ಟರ್ ಅಣ್ಣ. ಹೊಲಿಗೆಯ ಅಕ್ಕ ಸೆರಗಿನಲ್ಲಿ ನಕ್ಕರು.

ಮೊಮ್ಮಗಳು ಎದ್ದು ಅಣ್ಣಾರ ಕಡೆ ತಿರುಗಿ ನಿಂತಳು. "ನಾನ ಒಯ್ದೆ. ಅದು ಮಗ್ಗದ್ದು ಅಂತ ನನಗ ಗೊತ್ತಿರಲಿಲ್ಲ. ತಪ್ಪಾತು ಮುತ್ಯಾ" ಅಂದಳು. ನನ್ನ ಎದೆ ಉಬ್ಬಿತು.

ಅಣ್ಣಾರು ಸೂರು ನೋಡುತ್ತ ಕೇಳಿದರು. "ಆ ದಿಂಡು ಒಬ್ಬರ ಕೈಲಿ ಏಳೂದಲ್ಲ. ನನ್ನ ಕೈಲೂ ಏಳೂದಿಲ್ಲ. ಹಿಂದಿನ ತುದಿ ಯಾರು ಹಿಡದಿದ್ರು?"

ಮೊಮ್ಮಗಳು ಬಂದು ನನ್ನ ಪಕ್ಕದಲ್ಲಿ ಕೂತುಬಿಟ್ಟಳು.

"ಹೇಳವಾ, ಯಾರೂ ಹೊಡೆಯೂದಿಲ್ಲ" ಅಂದರು ಹೊಲಿಗೆಯ ಅಕ್ಕ.

"ಹೇಳೂದಿಲ್ಲ."

"ಇನ್ನೊಬ್ಬನ ಹೆಸರು ಬರೂತನಾ ನಾ ಆತು ಅನ್ನೂದಿಲ್ಲ" ಎಂದು ಅಣ್ಣಾರು ಎದ್ದೇಬಿಟ್ಟರು. "ಕಳ್ಳನ್ನ ಮುಚ್ಚಿಡೂದು ಕಳ್ಳತನಕ್ಕಿಂತ ಹೆಚ್ಚಿಂದು." ಕೂಟದವರು ಬರುವ ಭಾನುವಾರ ಮತ್ತೆ ಸೇರೋಣ ಎಂದರು.

ನಾನು ಯಾಕೆ ಬಾಯಿ ಬಿಡಲಿಲ್ಲ? ಸೀಟಿಯ ಭಯಕ್ಕಲ್ಲ. ಮೊಮ್ಮಗಳು ನನ್ನ ತೊಡೆಯನ್ನು ಅಷ್ಟು ಬಲವಾಗಿ ಚಿವುಟಿದ್ದಳು. ಮನೆಗೆ ಬರುವ ದಾರಿಯಲ್ಲಿ ಕೇಳಿದೆ, "ಯಾಕ ಚೂಟಿದೆಲೇ, ನೀಲಿಗಟ್ಟೈತಿ ನೋಡು!"

"ನಾ ಸಣ್ಣಾಕಿ ಆಯಿ" ಅಂದಳು. "ಸಣ್ಣವರನ್ನ ಜಮಖಾನಿ ಮ್ಯಾಲೆ ಕುಂಡ್ರಿಸಿ ಮಾತಾಡ್ತಾರ. ದೊಡ್ಡವರನ್ನ ಖರೇನ ಒಯ್ತಾರ. ನೀ ಹೇಳಿದ್ರ ನಿನ್ನ ಜೀಪಿನಾಗ ಹತ್ತಿಸ್ತಾರ."

ನಡುದಾರಿಯಲ್ಲಿ ನಿಂತುಬಿಟ್ಟೆ. ಹಿಂದಿನಿಂದ ಬಂದ ಆಟೋದವನು ಹಾರ್ನ್ ಹೊಡೆದ. ಹದಿಮೂರು ವರ್ಷದ ಹುಡುಗಿ ಎಂಟು ದಿನದಿಂದ ಇದನ್ನು ಒಬ್ಬಳೇ ಹೊತ್ತಿದ್ದಾಳೆ, ನನ್ನನ್ನು ಉಳಿಸಲು ತಾನು ಮಂಡಳಿಗೆ ಹೋಗಲು ತಯಾರಾಗಿದ್ದಾಳೆ! ಆ ವಾರ ಅವಳಿಗೆ ವಾರ್ಷಿಕ ಪರೀಕ್ಷೆ. ಪುಸ್ತಕ ಹಿಡಿದು ಕೂತರೂ ಕಣ್ಣು ಎದುರು ಮನೆಯ ಬಾಗಿಲಿನ ಕಡೆಗೆ. ಅಲ್ಲಿ ಸದ್ದಿರಲಿಲ್ಲ. ಅಣ್ಣಾರು ಕಟ್ಟೆಯ ಮೇಲೆ ಕೈ ಕಟ್ಟಿ ಕೂತಿರುತ್ತಿದ್ದರು. ದಿಂಡಿಲ್ಲದೆ ಹಾಸು ಏರಿಸುವಂತಿಲ್ಲ. ಇನ್ನು ಈ ಮಗ್ಗ ಬಿಚ್ಚಿ ಕೊಟ್ಟುಬಿಡುತ್ತೇನೆ ಎಂದು ವೈನಿಯ ಮುಂದೆ ಅಂದರಂತೆ.

ಭಾನುವಾರ ಬಂತು. ಅದೇ ಜಮಖಾನೆ, ಅದೇ ಸುತ್ತು. ಅಣ್ಣಾರು ಮತ್ತೆ ಕೇಳಿದರು, ಹಿಂದಿನ ತುದಿ ಯಾರದು?

ನಾನು ಕೈ ಎತ್ತಿದೆ. ಕಂಡಕ್ಟರ್ ಅಣ್ಣ ಸೀಟಿ ಬಾಯಿಗಿಟ್ಟರು.

"ಊದಬ್ಯಾಡ್ರಿ!" ಅಂದೆ. "ಹುಡುಗಿ ಪರವಾಗಿ ಮಾತಾಡಾಕ ಬಂದಿಲ್ಲ. ನನ್ನ ತಪ್ಪು ಹೇಳಾಕ ಬಂದೀನಿ. ಹಿಂದಿನ ತುದಿ ಹಿಡದಾಕಿ ನಾನ."

ಸೀಟಿ ಅವರ ಬಾಯಲ್ಲೇ ಉಳಿಯಿತು. ಮಗ ಹಣೆ ಹಿಡಿದುಕೊಂಡ. ಸೊಸೆ, "ಅಯ್ಯ ಅತ್ತೀ!" ಅಂದಳು. ಮೊಮ್ಮಗಳು, "ಸುಳ್ಳು, ಸುಳ್ಳು, ಆಯಿ ಸುಳ್ಳ ಹೇಳ್ತಾಳ!" ಎಂದು ಕೂಗಿ ನನ್ನನ್ನು ತಬ್ಬಿಕೊಂಡಳು. ನಾನು ಎಲ್ಲವನ್ನೂ ಹೇಳಿದೆ. ಮೂಲೆಯಲ್ಲಿ ಕೆಮ್ಮುತ್ತಿದ್ದದ್ದು, ಹೊಸ್ತಿಲ ಕಟ್ಟಳೆ ಕಲಿಸಿದ್ದು, ಬಾಗಿಲ ಚೌಕಟ್ಟು ಅಂದುಕೊಂಡದ್ದು. ಎತ್ತುವಾಗ ಬಲು ಖುಷಿಯಾಯಿತು ಎಂಬುದನ್ನೂ ಹೇಳಿಬಿಟ್ಟೆ. ಆ ಜಮಖಾನೆಯ ಮೇಲೆ ಕೂತರೆ ಸುಳ್ಳು ಹೇಳಲು ಬರುವುದಿಲ್ಲ.

ಕೊನೆಗೆ ಹೊಲಿಗೆಯ ಅಕ್ಕ ತಮ್ಮ ನೋಟುಬುಕ್ಕು ತಿರುವಿ, "ನಮ್ಮ ಕಡೆ ಬರೂದು ಹದಿನೆಂಟರ ಒಳಗಿನವರು. ಅಮ್ಮಾರ, ನಿಮ್ಮ ವಯಸ್ಸು?" ಅಂದರು.

"ಅರವತ್ತಾರು."

"ಅಲ್ಲೇ ಬರಕೋ ಅಕ್ಕಾ" ಅಂದರು ಅಲ್ಲಿಯ ತನಕ ತುಟಿ ಬಿಚ್ಚದ ಗಿರಣಿಯವರು. "ಮಾಡಿದ ಕೆಲಸ ನೋಡಿದ್ರ ಆರು ವರ್ಷದ್ದು ಐತಿ."

ಮೊದಲು ನಕ್ಕದ್ದು ಯಾರು ಗೊತ್ತೇ? ಅಣ್ಣಾರು. ನಕ್ಕೂ ನಕ್ಕೂ ಕೆಮ್ಮು ಬಂತು. "ಅಯ್ಯ ತಂಗೀ, ನೀನಾ! ನಾ ಯಾವನೋ ತುಡುಗ ಹುಡುಗನ ಹುಡುಕಾಕತ್ತೀನಿ, ಎದುರ ಮನ್ಯಾಗ ಬೆಳ್ಳುಳ್ಳಿ ಸುಲಕೋತ ಕುಂತಾಳ!"

"ನೀವೇನ ಕಡಿಮಿ?" ಎಂದು ವೈನಿ ಅವರ ಮೇಲೆ ಬಿದ್ದರು. "ನಮ್ಮಪ್ಪನ ಹೊರಸು ಕಾಮಣ್ಣಗ ಹಾಕಿದವರು ಯಾರ್ರಿ? ಬಾಣಂತಿ ಮಲಗೂ ಹೊರಸು! ಹೇಳಲ್ಯಾ ಈ ಮಂದಿ ಮುಂದ?"

"ಹೇಳಿಬಿಟ್ಟೆಲ್ಲ, ಇನ್ನೇನ ಹೇಳ್ತಿ" ಎಂದು ಅಣ್ಣಾರು ಟೋಪಿ ಸರಿಮಾಡಿಕೊಂಡರು.

ಆದರೆ ನಕ್ಕ ಮಾತ್ರಕ್ಕೆ "ಆತು" ಅನ್ನಲಿಲ್ಲ. ನಗು ನಿಂತ ಮೇಲೆ ಅವರ ಮುಖ ಮತ್ತೆ ಸಣ್ಣದಾಯಿತು. "ನನಗ ರೊಕ್ಕ ಬ್ಯಾಡ. ನನ್ನ ಮಗ್ಗ ನಡೀಬೇಕು. ನಡದ ದಿನ ಆತು ಅಂತೀನಿ" ಅಂದರು. ಕೂಟದವರು ಅದನ್ನೇ ಬರೆದುಕೊಂಡರು. ದಿಂಡು ತರುವುದು ನನ್ನ ಪಾಲು. ಮಗ್ಗ ನಡೆದ ಮೇಲೆ ಐದು ಭಾನುವಾರ ಅಣ್ಣಾರ ಮನೆಗೆ ಹೋಗಿ ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತುವುದು ಮೊಮ್ಮಗಳ ಪಾಲು. ಪೊಲೀಸ್ ಮೇಡಂಗೆ ಫೋನು ಮಾಡಿ ನನ್ನ ಸುದ್ದಿ ಹೇಳಿದರು. ಅವರ ನಗು ಫೋನಿನಿಂದ ಹೊರಗೆ ಕೇಳಿಸಿತು. ಎದುರು ಮನೆಯವರ ತಕರಾರಿಲ್ಲದಿದ್ದರೆ ಅಜ್ಜಿಯದನ್ನೂ ಅಲ್ಲೇ ಮುಗಿಸಿರಿ ಅಂದರಂತೆ. ಜೀಪು ಬರಲಿಲ್ಲ.

ದಿಂಡಿಗೆ ಎಂಥ ಮರವಾದರೂ ನಡೆಯುವುದಿಲ್ಲ. ಹಸಿ ಮರ ಬಾಗುತ್ತದೆ, ಬಾಗಿದರೆ ಸೀರೆ ಸೊಟ್ಟಗಾಗುತ್ತದೆ. ವರ್ಷಗಟ್ಟಲೆ ಒಣಗಿದ್ದು ಬೇಕು. ನನಗೆ ತವರುಮನೆಯ ಹಿತ್ತಲಿನ ಬಂಡಿ ನೆನಪಾಯಿತು. ಟ್ರ್ಯಾಕ್ಟರ್ ಬಂದಾಗಿನಿಂದ ಆ ಎತ್ತಿನ ಬಂಡಿಯ ಮೇಲೆ ಕೋಳಿ ಕೂರುತ್ತವೆ. ಮರುದಿನವೇ ಸೊರಟೂರಿಗೆ ಹೋದೆ. ನನ್ನ ಅಣ್ಣ, "ಬಂಡಿ ಮರ ಯಾಕ ಬೇಕಲೇ?" ಅಂದ.

"ಕದ್ದಿದ್ದಕ್ಕ ತಿರುಗಿ ಕೊಡಾಕ."

"ನೀ ಕದ್ದಿ? ನೀನು?"

"ನೀವು ಕೆಮ್ಮಾಕ ನಿಲ್ಲಿಸಿದ್ರಲ್ಲ, ಈಗ ಕದ್ದೆ" ಅಂದೆ. ಅವನು ಎದ್ದು ಗರಗಸ ತಂದ. ಬಂಡಿಯ ಉದ್ದನೆಯ ಸಾಗವಾನಿ ಮರವನ್ನು ಕೊಯ್ದುಕೊಟ್ಟ.

ಬಸ್ಸಿನಲ್ಲಿ ಅದನ್ನು ನಡು ದಾರಿಯುದ್ದಕ್ಕೂ ಮಲಗಿಸಿದೆ. ಕಂಡಕ್ಟರ್ ಹುಡುಗ ಬಂದ. ನನ್ನ ಆಧಾರ್ ನೋಡಿ ಫ್ರೀ ಟಿಕೆಟ್ ಕೊಟ್ಟ. ಮರ ನೋಡಿ, "ಅಮ್ಮಾ, ನಿಮಗ ಫ್ರೀ, ಇದಕ್ಕ ಲಗೇಜ್ ಹತ್ತತೈತಿ" ಅಂದ.

"ಇದನ್ನೂ ಹೆಣ್ಣಮಗಳು ಅಂತ ತಿಳೀರಿ. ತವರಮನಿಂದ ಹೊಂಟಾಳ" ಅಂದೆ.

"ಹಂಗಾರ ಆಧಾರ್ ತಗೀರಿ ಆಕೀದು."

ಬಸ್ಸಿಗೆ ಬಸ್ಸೇ ನಕ್ಕಿತು. ಲಗೇಜ್ ಟಿಕೆಟ್ ತೆಗೆಸಿದೆ. ಇಳಿಯುವಾಗ ಅವನೇ ಒಂದು ತುದಿ ಹಿಡಿದ.

ನಮ್ಮ ಓಣಿಯ ಬಡಿಗೇರರು ಅದನ್ನು ನಾಲ್ಕು ಮೂಲೆಗೆ ಕೆತ್ತಿದರು. ಹತ್ತಿರದಲ್ಲಿ ನಿಂತ ಅಣ್ಣಾರು "ಇಲ್ಲಿ ಇನ್ನಷ್ಟು, ಅಲ್ಲಿ ಸಾಕು" ಅನ್ನುತ್ತಿದ್ದರು. ಎರಡು ದಿನದಲ್ಲಿ ದಿಂಡು ತಯಾರಾಯಿತು. ಆಮೇಲೆ ಹೊಸ ಹಾಸು ಏರಿಸಿದರು. ಒಂದು ದಿನ ಬೆಳಿಗ್ಗೆ ನಾನು ಜೋಳದ ಹಿಟ್ಟು ನಾದುತ್ತಿದ್ದಾಗ ಎದುರಿನಿಂದ ಆ ಸದ್ದು ಕೇಳಿತು. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿದೆ. ಮೊಮ್ಮಗಳು ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಕುಣಿಯುತ್ತಿದ್ದಳು.

ಐದು ಭಾನುವಾರ ಅವಳು ಹೋದಳು. ಬರೆದದ್ದು ಅವಳಿಗೆ ಮಾತ್ರ, ಆದರೆ ನಾನೂ ಹೋದೆ. ಮನೆಯಲ್ಲಿ ಕೂರಲು ಆಗಬೇಕಲ್ಲ. ವೈನಿ ರಾಟಿ ತಿರುಗಿಸುವುದನ್ನು ಕಲಿಸಿದರು. ಮೊದಲ ದಿನ ಅವಳ ಕಂಡಿಕೆಗಳು ಬದನೆಕಾಯಿಯ ಹಾಗೆ ನಡುವೆ ಉಬ್ಬಿದ್ದವು. ಅಣ್ಣಾರು ಒಂದನ್ನು ಎತ್ತಿ ಬೆಳಕಿಗೆ ಹಿಡಿದು, "ಇದನ್ನ ಎಣ್ಣಿಗಾಯಿ ಮಾಡು, ಲಾಳ್ಯಾಗ ಹೋಗೂದಿಲ್ಲ" ಎಂದು ಅವಳ ಮಡಿಲಿಗೆ ಎಸೆದರು. ಮೂರನೆಯ ವಾರಕ್ಕೆ ಸರಿಯಾದವು. ನಾಲ್ಕನೆಯ ವಾರ, ಹರಿದ ಎಳೆಗೆ ಗಂಟು ಹಾಕುವುದನ್ನು ಹೇಳಿಕೊಟ್ಟರು. ಅವಳ ಸಣ್ಣ ಬೆರಳಿಗೆ ಅದು ಎಷ್ಟು ಬೇಗ ಬಂತೆಂದರೆ, ಅಣ್ಣಾರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

ಕೊನೆಯ ಕೂಟ ಅವರ ಮನೆಯಲ್ಲೇ ನಡೆಯಿತು. ಮಗ್ಗ ಬಿಟ್ಟು ಬರಲಾರೆ ಅಂದಿದ್ದರು. ಮೂವರು ಹಿರಿಯರು, ನಾವೆಲ್ಲ, ಮಗ್ಗದ ಸುತ್ತ ಕೂತೆವು. ಅವರು ನೇಯುತ್ತಲೇ ಇದ್ದರು.

"ಅಣ್ಣಾರ, ಮಗ್ಗ ನಡದೈತಿ, ಐದು ವಾರಾನೂ ಮುಗದಾವು. ಆತು ಅಂತೀರೇನು?" ಎಂದು ಹೊಲಿಗೆಯ ಅಕ್ಕ ಪೆನ್ನು ತೆಗೆದರು.

ಲಾಳಿ ಹೋಯಿತು, ಬಂತು. ಮೊಮ್ಮಗಳು ನನ್ನ ಕೈ ಹಿಡಿದುಕೊಂಡಳು.

"ಅಣ್ಣಾರ?"

"ಇಲ್ಲ" ಅಂದರು.

ಮಗ ಅರ್ಧ ಎದ್ದ. ಕಂಡಕ್ಟರ್ ಅಣ್ಣ, "ಹಂಗಂದ್ರ ಹೆಂಗ? ಇನ್ನ ಏನ ಬಾಕಿ ಐತಿ?" ಎಂದು ಕೇಳಿದರು.

ಅಣ್ಣಾರು ಕೈ ನಿಲ್ಲಿಸಿದರು. ದಿಂಡಿನ ಮೇಲೆ ಸುತ್ತಿದ ಸೀರೆಯನ್ನು ಅಂಗೈಯಿಂದ ಸವರಿದರು. "ಬಾಕಿ ಏನೂ ಇಲ್ಲ. ಆತು ಅಂದ್ರ ನಾಳಿಂದ ಈಕಿ ಬರೂದಿಲ್ಲ. ಅದಕ್ಕ ಅನ್ನವಲ್ಲೆ."

ವೈನಿ ಮುಖ ಆ ಕಡೆ ತಿರುಗಿಸಿದರು. ಗಿರಣಿಯವರು ಮೆಲ್ಲಗೆ, "ನೀವು ಅನ್ನದಿದ್ರ ಹುಡುಗಿ ಹೆಸರಿನ ಕಾಗದ ಮಂಡಳಿಗೆ ಹೋಗ್ತೈತಿ" ಅಂದರು.

ಮೊಮ್ಮಗಳು ನನ್ನ ಕೈ ಬಿಡಿಸಿಕೊಂಡು ಮಗ್ಗದ ಹತ್ತಿರ ಹೋಗಿ ಕೂತಳು. "ನೀವು ಆತು ಅನ್ರಿ ಮುತ್ಯಾ. ನಾ ಬರ್ತೀನಿ."

"ಖರೆ?"

"ಖರೆ."

"ಸಾಲಿ ಸುರು ಆದ ಮ್ಯಾಲೆ?"

"ಐತವಾರ ಸಾಲಿ ಇರೂದಿಲ್ಲ ಮುತ್ಯಾ. ಅಷ್ಟೂ ಗೊತ್ತಿಲ್ಲೇನು?"

"ಬಾಯಿ ನೋಡು ಈಕೀದು! ಅಜ್ಜೀನ ಹೋಲತೈತಿ" ಅಂದರು. ಆಮೇಲೆ ಹೊಲಿಗೆಯ ಅಕ್ಕನ ಕಡೆ ನೋಡಿ, "ಆತು. ಬರಕೋವಾ, ಆತು ಅಂತ" ಅಂದರು.

ನಾನು ಅತ್ತೆನೋ ನಕ್ಕೆನೋ, ಎರಡೂ ಕೂಡಿ ಬಂತು. ಸೊಸೆ ಗಿರ್ಮಿಟ್ ಮಾಡಿ ಬುಟ್ಟಿ ತುಂಬ ತಂದಿದ್ದಳು; ಮಿರ್ಚಿ ಬಿಸಿ ಇತ್ತು. ಹೊಲಿಗೆಯ ಅಕ್ಕ ಕಾಗದ ತುಂಬಿ ಎಲ್ಲರ ಸಹಿ ಮಾಡಿಸಿಕೊಂಡರು. ಮೊಮ್ಮಗಳು ಮಾಡಿದಳು, ಮಗ ಮಾಡಿದ, ಅಣ್ಣಾರು ಮಾಡಿದರು. ನನ್ನ ಮುಂದೆ ಬಂದಾಗ ಎರಡು ಕಡೆ ಬೆರಳಿಟ್ಟು ತೋರಿಸಿದರು.

"ಎರಡ ಯಾಕವಾ?" ಅಂದೆ.

"ಇದು ಹುಡುಗಿ ಮನಿ ಹಿರಿಯಾಕಿ ಅಂತ. ಇದು ದಿಂಡು ಕದ್ದಾಕಿ ಅಂತ."

ಮೊದಲನೆಯದು ಸ್ವಲ್ಪ ಸೊಟ್ಟಗಾಯಿತು. ಎರಡನೆಯದನ್ನು ಕಾಗದ ಸರಿಯಾಗಿ ಇಟ್ಟುಕೊಂಡು, ದೊಡ್ಡ ದೊಡ್ಡ ಅಕ್ಷರದಲ್ಲಿ ಚೆಂದಗೆ ಬರೆದೆ.